ಖಾಲಿ ಗಾಜಿನ ಮೇಲೆ ಕೆಂಪು ಕಡ್ಡಿ

ಹೋದ ತಿಂಗಳು ಹನೂರಿನ ಆಚೆ ಕಡೆಯಿಂದ ಒಬ್ಬ ಹುಡುಗಿ ಫೋನು ಮಾಡಿದ್ದಳು. ಲ್ಯಾಬ್ ಟೆಕ್ನಿಷಿಯನ್ ಆಗಿ ಸೇರಿ ಇನ್ನೂ ಮೂರು ವಾರವಾಗಿತ್ತಂತೆ. "ಮೇಡಂ, ಸ್ಲೈಡೆಲ್ಲ ಮುಗಿದೋಗಿವೆ. ಹಳೇವನ್ನೇ ಚೆನ್ನಾಗಿ ತೊಳ್ದು ಉಪಯೋಗಿಸಬೋದಾ?" ಎಂದು ಕೇಳಿದಳು.

"ಉಪಯೋಗಿಸಿದ್ರೆ ನಾನೇ ಬಸ್ಸು ಹತ್ತಿ ಬಂದು ನಿನ್ ಕೈಗೆ ಎರಡು ಬಿಡ್ತೀನಿ" ಎಂದೆ.

ಅವಳು ನಕ್ಕಳು. ನಾನು ನಗಲಿಲ್ಲ. ಯಾಕೆ ಬಾರದು ಎಂಬುದನ್ನು ಫೋನಿನಲ್ಲಿ ಹೇಳಿ ಮುಗಿಸಲು ಆಗುವುದಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ. ಮೂವತ್ತೇಳು ವರ್ಷ ಹನೂರು, ಕೊಳ್ಳೇಗಾಲ, ಯಳಂದೂರು ಈ ಮೂರರ ನಡುವೆಯೇ ಜನರ ಕಫ ನೋಡಿಕೊಂಡು ಅನ್ನ ಉಂಡವಳು ನಾನು. ಯಾವ ಕಾಲಕ್ಕೆ ಯಾವ ಆಸ್ಪತ್ರೆಯಲ್ಲಿದ್ದೆ ಎಂದು ಹೆಸರು ಹೇಳುವುದಿಲ್ಲ. ತಪ್ಪು ಮಾಡಿದ್ದು ಕಟ್ಟಡವಲ್ಲ, ನಾನು. ಬಡ್ತಿ ಯಾವಾಗ ಬಂತು, ಬೀಳ್ಕೊಡುಗೆಯಲ್ಲಿ ಯಾವ ಬಣ್ಣದ ಶಾಲು ಹೊದಿಸಿದರು ಎಂಬುದೂ ಇಲ್ಲಿ ಬೇಡ. ಆ ಶಾಲಿನಲ್ಲಿ ಈಗ ಮಿಕ್ಸಿ ಮುಚ್ಚಿಟ್ಟಿದ್ದೇನೆ.

ಕೆಲಸಕ್ಕೆ ಸೇರಿದ ಮೊದಲ ವಾರವೇ ನನಗೆ ಗುರುವಾಗಿ ಸಿಕ್ಕಿದವರು ಶಿವಮಲ್ಲಪ್ಪನವರು. ಯಳಂದೂರು ಕಡೆಯವರು, ನಮಗೆಲ್ಲ ಹಿರಿಯ ಟೆಕ್ನಿಷಿಯನ್ನು. ಹಣೆಗೆ ಮೂರು ಬೆರಳಿನ ವಿಭೂತಿ, ಜೇಬಿನಲ್ಲಿ ಯಾವಾಗಲೂ ಇಸ್ತ್ರಿ ಮಾಡಿದ ಕರವಸ್ತ್ರ. ಕೊಳ್ಳೇಗಾಲದಲ್ಲಿ ಕೂತು ಸುತ್ತಲಿನ ನಾಲ್ಕಾರು ಲ್ಯಾಬುಗಳ ಮೇಲೆ ಕಣ್ಣಿಡುವುದು ಅವರ ಕೆಲಸ. ಅವರು ಹೇಳಿಕೊಟ್ಟದ್ದು ಒಂದೇ ಮಾತು: "ಹಬೆ ಬರ್ಬೇಕು, ಕುದಿ ಬರಬಾರ್ದು."

ಕೆಲಸದ ಕ್ರಮ ಹೀಗೆ. ರೋಗಿಯ ಕಫವನ್ನು ಬೆರಳುದ್ದದ ಗಾಜಿನ ಪಟ್ಟಿಯ ಮೇಲೆ ಸವರಿ ಒಣಗಿಸಬೇಕು. ಆ ಪಟ್ಟಿಯೇ ಸ್ಲೈಡು. ಅದರ ಮೇಲೆ ಕಾರ್ಬಾಲ್ ಫುಕ್ಸಿನ್ ಎಂಬ ಕೆಂಪು ಬಣ್ಣ ಸುರಿದು, ಕೆಳಗಿನಿಂದ ಸ್ಪಿರಿಟ್ ದೀಪ ಆಡಿಸುತ್ತ ಹಬೆ ಬರುವಷ್ಟು ಬಿಸಿ ಮಾಡಬೇಕು. ಆರಿದ ಮೇಲೆ ತೊಳೆದು, ಆಸಿಡ್ ಹಾಕಿ ಬಣ್ಣ ಕಳೆಯಬೇಕು. ಕೊನೆಗೆ ನೀಲಿ ಬಣ್ಣ. ಆಸಿಡ್ಡಿಗೆ ಎಲ್ಲವೂ ಕೆಂಪು ಬಿಟ್ಟುಕೊಡುತ್ತವೆ, ನೀಲಿಯಾಗುತ್ತವೆ. ಕ್ಷಯದ ಬ್ಯಾಕ್ಟೀರಿಯ ಮಾತ್ರ ಬಿಡುವುದಿಲ್ಲ. ನೀಲಿ ನೆಲದ ಮೇಲೆ ಸಣ್ಣ ಕೆಂಪು ಕಡ್ಡಿಯಾಗಿ ಉಳಿದುಕೊಳ್ಳುತ್ತದೆ.

ನನಗೆ ಆಗ ಇಪ್ಪತ್ತಮೂರು. ದೀಪ ಹಿಡಿದು ಕಾಯುವ ತಾಳ್ಮೆ ಎಲ್ಲಿಂದ ಬರಬೇಕು? ಒಂದು ದಿನ ಬಿಸಿ ಮಾಡದೆಯೇ ಬಣ್ಣ ಹಾಕಿ ತೊಳೆದು ಹತ್ತು ಸ್ಲೈಡು ಮುಗಿಸಿಬಿಟ್ಟೆ. ಎಲ್ಲವೂ ನೀಲಿ. ಶಿವಮಲ್ಲಪ್ಪನವರು ಅದೇ ಹತ್ತು ಕಫದಲ್ಲಿ ಇನ್ನೊಂದು ಹತ್ತು ಸ್ಲೈಡು ಮಾಡಿ, ಬಿಸಿ ಮಾಡಿ, ನನ್ನನ್ನು ಕೂರಿಸಿ ನೋಡಿಸಿದರು. ಎರಡರಲ್ಲಿ ಕೆಂಪು ಕಡ್ಡಿಗಳು ರಾಶಿ ರಾಶಿ ಬಿದ್ದಿದ್ದವು. "ಈ ಇಬ್ಬರ್ನೂ ನೀನು ಚೆನ್ನಾಗಿದ್ದೀರಿ ಓಗಿ ಅಂತ ಕಳಿಸ್ತಿದ್ದೆಯಲ್ಲಮ್ಮ ನಾಗರತ್ನ" ಎಂದರು. ಅವತ್ತು ನಾನು ಮಧ್ಯಾಹ್ನದ ಊಟ ಮಾಡಲಿಲ್ಲ.

ಹೀಗಾಗುವುದಕ್ಕೆ ಕಾರಣ ಆ ಜೀವಿಯ ಗೋಡೆ. ಪರೀಕ್ಷೆಗೆ ನಾನೂ ಬಾಯಿಪಾಠ ಮಾಡಿದ್ದೆ, ಅರ್ಥವಾಗಿರಲಿಲ್ಲ. ಈಗ ಅರ್ಥವಾದಂತೆ ಹೇಳುತ್ತೇನೆ. ಅದರ ಮೈಗೆ ಗೋಡೆಯ ಮೇಲೆ ಗೋಡೆ. ಒಳಗೆ ತೆಳ್ಳನೆಯ ಪೊರೆ. ಅದರ ಮೇಲೆ ಸಕ್ಕರೆಯ ಎಳೆಗಳನ್ನೂ ಪ್ರೋಟೀನಿನ ತುಣುಕುಗಳನ್ನೂ ಸೇರಿಸಿ ಹೆಣೆದ ಗಟ್ಟಿ ಬಲೆ, ಪೆಪ್ಟಿಡೋಗ್ಲೈಕಾನ್. ಆ ಬಲೆಗೆ ಇನ್ನೊಂದು ಬಗೆಯ ಸಕ್ಕರೆಯ ಸರಪಳಿ ಅಂಟಿಕೊಂಡಿದೆ, ಅರಬಿನೊಗ್ಯಾಲಕ್ಟಾನ್. ಆ ಸರಪಳಿಯ ತುದಿಗಳಲ್ಲಿ ಮೈಕೋಲಿಕ್ ಆಮ್ಲ ಕೂತಿದೆ. ಆಮ್ಲ ಎಂದ ಮಾತ್ರಕ್ಕೆ ಹುಳಿನೀರು ಎಂದುಕೊಳ್ಳಬೇಡಿ. ಅದು ಕೊಬ್ಬು. ನಾವು ಅಡುಗೆಗೆ ಬಳಸುವ ಎಣ್ಣೆ ತುಪ್ಪಗಳ ಕೊಬ್ಬಿನ ಬಾಲಕ್ಕಿಂತ ನಾಲ್ಕೈದು ಪಟ್ಟು ಉದ್ದದ ಬಾಲ ಇದಕ್ಕೆ. ಇವೆಲ್ಲ ಒತ್ತೊತ್ತಾಗಿ ನಿಂತು ಮೇಣದ ಹೊದಿಕೆಯಾಗುತ್ತವೆ. ಕೆಸುವಿನೆಲೆಯ ಮೇಲೆ ನೀರು ನಿಲ್ಲದ ಹಾಗೆ ಇದರ ಮೇಲೆ ಬಣ್ಣ ನಿಲ್ಲುವುದಿಲ್ಲ. ಬಿಸಿ ತಾಗಿದರೆ ಮೇಣ ಸಡಿಲವಾಗಿ ಬಣ್ಣ ಒಳಕ್ಕೆ ಇಳಿಯುತ್ತದೆ. ಆರಿತೋ, ಬಾಗಿಲು ಹಾಕಿಕೊಂಡಂತೆ. ಆಮೇಲೆ ಆಸಿಡ್ಡು ಬಂದು ಬಡಿದರೂ ಒಳಗಿನ ಕೆಂಪು ಹೊರಗೆ ಬರುವುದಿಲ್ಲ.

ನಾವು ಕೊಡುವ ಮಾತ್ರೆಗಳಲ್ಲಿ ಎರಡು ಈ ಗೋಡೆಯ ಮೇಲೇ ಹೋಗುತ್ತವೆ. ಐಸೋನಿಯಾಜಿಡ್ ಮೈಕೋಲಿಕ್ ಆಮ್ಲ ಕಟ್ಟುವುದನ್ನು ತಡೆಯುತ್ತದೆ, ಎಥಾಂಬ್ಯುಟಾಲ್ ಆ ಸಕ್ಕರೆ ಸರಪಳಿಯನ್ನು ಹೆಣೆಯಲು ಬಿಡುವುದಿಲ್ಲ. ಇನ್ನೊಂದು ಮಾತ್ರೆ, ರಿಫಾಂಪಿಸಿನ್, ಗೋಡೆಗೆ ಸಂಬಂಧಿಸಿದ್ದಲ್ಲ, ಆದರೆ ಉಚ್ಚೆಯನ್ನು ಕಿತ್ತಳೆ ಬಣ್ಣ ಮಾಡುತ್ತದೆ. ಇದನ್ನು ಮೊದಲೇ ಹೇಳಿ ಕಳಿಸಿ. ಹೇಳದೆ ಕಳಿಸಿದ್ದಕ್ಕೆ ಮರುದಿನ ಒಬ್ಬರು ಬಾಟಲಿ ತುಂಬಿಸಿಕೊಂಡು ಬಂದು, ತಮ್ಮ ರಕ್ತವೆಲ್ಲ ಸೋರಿಹೋಗುತ್ತಿದೆ ಎಂದು ನನ್ನ ಮೇಜಿನ ಮೇಲೇ ಇಟ್ಟಿದ್ದರು.

ಕಫ ತರಿಸುವುದೇ ಒಂದು ವಿದ್ಯೆ. "ಬೆಳಿಗ್ಗೆ ಎದ್ದು ಎದೆಯಾಳದಿಂದ ಕೆಮ್ಮಿ ತೆಗೀರಿ, ಎಂಜಲಲ್ಲ" ಎಂದು ಸಾವಿರ ಸಲ ಹೇಳಬೇಕು. ಸತ್ತೇಗಾಲದ ಒಬ್ಬ ರೈತರು ಮೂರು ವಾರದ ಕೆಮ್ಮು ಎಂದು ಬಂದಿದ್ದರು. ಡಬ್ಬಿ ಕೊಟ್ಟು ಕಳಿಸಿದೆ. ಮರುದಿನ ಒಳ್ಳೆಯ ಗಟ್ಟಿ ಕಫ ತಂದರು. ನೋಡಿದರೆ ಕೆಂಪು ಕಡ್ಡಿಗಳು ಎಣಿಸಲಾಗದಷ್ಟು. ಅವರನ್ನು ಕೂರಿಸಿಕೊಂಡು ಕಾಯಿಲೆ ಇದೆ ಎಂದು ನಿಧಾನವಾಗಿ ಹೇಳುತ್ತಿದ್ದರೆ ಆ ಮನುಷ್ಯ ಕಣ್ಣು ಪಿಳಿಪಿಳಿ ಬಿಡುತ್ತಿದ್ದಾರೆ.

"ಅದು ನಂದಲ್ಲ ಕಣಮ್ಮ" ಎಂದರು.

"ಮತ್ತೆ ಯಾರದ್ದು?"

"ನಂಗೆ ಎಷ್ಟು ಕೆಮ್ಮುದ್ರೂ ಬರ್ನಿಲ್ಲ. ಬರೀ ಡಬ್ಬಿ ತಕಂಡೋದ್ರೆ ನೀವು ಬಯ್ತೀರಿ ಅಂತ ನಮ್ಮೆಂಗಸರದ್ದು ಇಸ್ಕಂಡು ಬಂದೆ. ಇಬ್ರುದೂ ಒಂದೇ ಮನೆ, ಒಂದೇ ಅಟ್ಟಿ ಅಲ್ವಾ?"

ಆ ಹೆಂಗಸು ವರ್ಷದಿಂದ ಕೆಮ್ಮುತ್ತಿದ್ದಳಂತೆ. ಅವಳನ್ನು ಯಾರೂ ಆಸ್ಪತ್ರೆಗೆ ಕರೆತಂದಿರಲಿಲ್ಲ. ಗಂಡನ ಪೆದ್ದುತನವೇ ಹೆಂಡತಿಯ ಜೀವ ಉಳಿಸಿತು. ಅವತ್ತಿನಿಂದ ಯಾವ ಗಂಡಸು ಬಂದರೂ ನಾನು ಮೊದಲು ಕೇಳುತ್ತಿದ್ದ ಪ್ರಶ್ನೆ "ಮನೇಲಿ ಇನ್ಯಾರು ಕೆಮ್ತಾರೆ?" ಎಂಬುದು. ನೀವೂ ಕೇಳಿ.

ಈಗ ಸ್ಲೈಡಿನ ಕಥೆಗೆ ಬರುತ್ತೇನೆ. ನಾನು ಕೆಲಸಕ್ಕೆ ಸೇರಿ ಹತ್ತು ಹನ್ನೊಂದು ವರ್ಷವಾಗಿತ್ತು. ಆಗ ಕಾಡಿನ ಅಂಚಿನ ಒಂದು ಚಿಕ್ಕ ಆಸ್ಪತ್ರೆಯಲ್ಲಿದ್ದೆ. ಲ್ಯಾಬು ಅಂದರೆ ನಾನೊಬ್ಬಳೇ. ಒಂದು ಸಲ ಹೊಸ ಸ್ಲೈಡು ಬರುವುದು ನಿಂತುಹೋಯಿತು. ಕೇಳಿದರೆ ಈ ವಾರ, ಮುಂದಿನ ವಾರ. ಜನ ದೂರದೂರದಿಂದ ಡಬ್ಬಿ ಹಿಡಿದು ಬರುತ್ತಾರೆ, ಹೇಗೆ ವಾಪಸು ಕಳಿಸುವುದು? ನಾನು ಪಾತ್ರೆಗೆ ಬೂದಿ ಹಾಕಿ ತಿಕ್ಕಿ ಮುಖ ಕಾಣುವ ಹಾಗೆ ಬೆಳಗುವ ಮನೆಯಲ್ಲಿ ಬೆಳೆದವಳು. ನೋಡಿ ಮುಗಿಸಿದ ಹಳೆಯ ಸ್ಲೈಡುಗಳನ್ನು ಸೋಪಿನ ಪುಡಿ ಹಾಕಿ ಕುದಿಸಿದೆ, ತಿಕ್ಕಿದೆ, ಸ್ಪಿರಿಟ್ಟಿನಲ್ಲಿ ಒರೆಸಿದೆ, ಬಿಸಿಲಿಗೆ ಒಣಗಿಸಿದೆ. ಫಳಫಳ ಹೊಳೆದವು. ನಲವತ್ತು ಸ್ಲೈಡಿನ ಕಟ್ಟು ಮಾಡಿ, ದಾರ ಸುತ್ತಿ, ಕಪಾಟಿನಲ್ಲಿ ಜೋಡಿಸಿದೆ. ತಪಾಸಣೆಗೆ ಬಂದ ಶಿವಮಲ್ಲಪ್ಪನವರು ಕಟ್ಟುಗಳನ್ನು ನೋಡಿ, "ಭೇಷ್ ನಾಗರತ್ನ, ಕೆಲ್ಸ ನಿಲ್ಲಿಸ್ನಿಲ್ವಲ್ಲ" ಎಂದರು. ನನ್ನ ಕಾಲು ನೆಲದ ಮೇಲಿರಲಿಲ್ಲ.

ಬೆಳ್ಳಗಿರುವುದೆಲ್ಲ ಹಾಲಲ್ಲ ಎಂಬ ಗಾದೆ ನನಗೂ ಗೊತ್ತಿತ್ತು. ಆದರೆ ನನ್ನ ಕೈಯಾರೆ ತೊಳೆದ ಗಾಜಿನ ಬಗ್ಗೆ ಅದು ನೆನಪಿಗೆ ಬರಲಿಲ್ಲ.

ಆ ಕಟ್ಟಿನ ಸ್ಲೈಡುಗಳ ಮೇಲೆ ನೋಡಿದ ಕಫಗಳಲ್ಲಿ ಹೂಗ್ಯಂ ಊರಿನ ಚಿಕ್ಕತಾಯಿ ಎಂಬವಳದೂ ಒಂದು. ಇಪ್ಪತ್ತೆರಡರ ಹುಡುಗಿ, ಐದು ತಿಂಗಳ ಕೂಸು ಎತ್ತಿಕೊಂಡು ಬಂದಿದ್ದಳು. ಬಾಣಂತನ ಮುಗಿದಾಗಿನಿಂದ ಕೆಮ್ಮು. ಮೂರು ಮಾದರಿ ನೋಡಿದೆ. ಎರಡರಲ್ಲಿ ಕೆಂಪು ಕಡ್ಡಿ ಸಿಕ್ಕಿತು. ಬಹಳ ಇಲ್ಲ, ನೂರು ಕಡೆ ಹುಡುಕಿದರೆ ಮೂರು, ನಾಲ್ಕು. ಇಂಥದ್ದಕ್ಕೆ ನಾವು 'ಸ್ಕಾಂಟಿ' ಎಂದು ಬರೆಯುತ್ತೇವೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿನ ರಿಪೋರ್ಟು ಅದು. ಡಾಕ್ಟರು ಯೋಚಿಸಿ ಮಾತ್ರೆ ಶುರು ಮಾಡಿದರು. "ಬಾಯಿಗೆ ಬಟ್ಟೆ ಕಟ್ಕೊಂಡು ಮಗೂಗೆ ಹಾಲು ಕುಡಿಸಮ್ಮ, ನಿಲ್ಲಿಸಬೇಡ" ಎಂದೂ ಹೇಳಿದರು. ಜೊತೆಗೆ ಬಂದಿದ್ದ ಅತ್ತೆ ಪುಟ್ಟಮಾದಮ್ಮ ಕೇಳಿಸಿಕೊಂಡದ್ದು ಕಾಯಿಲೆಯ ಹೆಸರೊಂದನ್ನೇ.

ಎಂಟು ದಿನದಲ್ಲಿ ಅಂಥ 'ಸ್ಕಾಂಟಿ' ಐದು ಬಂದವು. ಅಲ್ಲಿಯತನಕ ಇಡೀ ವರ್ಷಕ್ಕೆ ಅಷ್ಟು ಕಂಡವಳಲ್ಲ. ಐದನೆಯದನ್ನು ಬರೆಯುವಾಗ ಪೆನ್ನು ನಿಂತಿತು. ಮೊದಲು ನನ್ನ ಕಣ್ಣಿನ ಮೇಲೆ ಅನುಮಾನ ಬಂತು, ಆಮೇಲೆ ಬಣ್ಣದ ಮೇಲೆ, ಆಮೇಲೆ ನಲ್ಲಿಯ ನೀರಿನ ಮೇಲೆ. ಕೆಲವು ಸಲ ನೀರಿನಲ್ಲೂ ಇಂಥದ್ದೇ ಮೇಣದ ಗೋಡೆಯ, ಕೆಡುಕಿಲ್ಲದ ಜೀವಿಗಳು ಇರುತ್ತವೆ. ಕಪಾಟಿನ ಮೂಲೆಯಲ್ಲಿ ಒಂದೇ ಒಂದು ಹೊಸ ಸ್ಲೈಡು ಉಳಿದಿತ್ತು. ಅದರ ಮೇಲೆ ಏನೂ ಸವರದೆ ಅದೇ ಬಣ್ಣ, ಅದೇ ನೀರು ಹಾಕಿ ನೋಡಿದೆ. ಚೊಕ್ಕಟ. ಆಮೇಲೆ ನಾನು ತೊಳೆದ ಕಟ್ಟಿನಿಂದ ಒಂದನ್ನು ತೆಗೆದೆ. ಅದರ ಮೇಲೂ ಏನೂ ಸವರಲಿಲ್ಲ. ಖಾಲಿ ಗಾಜು.

ಅದರಲ್ಲಿ ಕೆಂಪು ಕಡ್ಡಿಗಳಿದ್ದವು.

ಯಾರೋ ಹಳೆಯ ರೋಗಿಯ ಬ್ಯಾಕ್ಟೀರಿಯಗಳವು. ಸತ್ತು ಎಷ್ಟೋ ದಿನವಾಗಿದ್ದವು, ಆದರೆ ಗೋಡೆ ಬಿದ್ದಿರಲಿಲ್ಲ. ಸೋಪಿಗೆ ಹೋಗಿಲ್ಲ, ಕುದಿನೀರಿಗೆ ಹೋಗಿಲ್ಲ, ನನ್ನ ತಿಕ್ಕಾಟಕ್ಕೂ ಹೋಗಿಲ್ಲ. ಗಾಜಿಗೆ ಅಂಟಿಕೊಂಡು ಕೂತು, ಮತ್ತೆ ಕೆಂಪು ಕುಡಿದು, ಬೇರೆಯವರ ಹೆಸರಿನಲ್ಲಿ ಎದ್ದು ಬಂದಿದ್ದವು. ಮೈಕೋಲಿಕ್ ಆಮ್ಲ ಎಂದರೆ ಏನೆಂದು ನನಗೆ ಅರ್ಥವಾದದ್ದು ಅವತ್ತು.

ಮೊದಲ ಬಸ್ಸಿಗೆ ಕೊಳ್ಳೇಗಾಲಕ್ಕೆ ಹೋಗಿ ಶಿವಮಲ್ಲಪ್ಪನವರ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. ಅವರು ಕರವಸ್ತ್ರ ತೆಗೆದು ಹಣೆ ಒರೆಸಿಕೊಂಡರು, ವಿಭೂತಿ ಅಳಿಸಿತು.

"ಯಾರ್ಗೂ ಯೇಳ್ಬ್ಯಾಡ. ಮಾತ್ರೆ ತಿನ್ಲಿ ಬುಡು. ಆರು ತಿಂಗ್ಳು ಮಾತ್ರೆ ತಿಂದು ಯಾರೂ ಸತ್ತಿಲ್ಲ. ಈ ವಿಷ್ಯ ಒರಗೆ ಬಂದ್ರೆ ನಿನ್ ಕೆಲ್ಸ ಓಯ್ತದೆ, ನಾನು ಭೇಷ್ ಅಂದಿದ್ದೂ ಬತ್ತದೆ" ಎಂದರು.

"ಸಾರ್, ನನ್ನ ಕೆಲಸ ಹೋದ್ರೆ ಹೋಗ್ಲಿ. ನನಗೆ ಹೊಸ ಸ್ಲೈಡು ಕೊಡಿ. ಐದು ಜನರದ್ದೂ ಮತ್ತೆ ನೋಡಬೇಕು."

"ಇಲ್ಲ."

"ಕೊಡೋತನಕ ಇಲ್ಲೇ ಕೂತಿರ್ತೀನಿ."

ಕೂತೆ. ಮಧ್ಯಾಹ್ನ ಅವರು ಊಟಕ್ಕೆ ಹೋಗಿ ಬಂದರು, ನಾನು ಬೆಂಚಿನಿಂದ ಏಳಲಿಲ್ಲ. ಕೊನೆಗೆ ಒಳಗಿನಿಂದ ಎರಡು ಕಟ್ಟು ತಂದು ನನ್ನ ತೊಡೆಯ ಮೇಲೆ ಇಟ್ಟರು. ಅವರನ್ನು ಕೆಟ್ಟವರು ಎನ್ನಲಾರೆ. ಹೆದರಿದ್ದರು, ಅಷ್ಟೇ. ಹೆದರಿಕೊಂಡೇ ಕೊಟ್ಟರು ಎಂಬುದು ನನ್ನ ಲೆಕ್ಕಕ್ಕೆ ದೊಡ್ಡದು.

ಐವರಲ್ಲಿ ಇಬ್ಬರಿಗೆ ನಿಜವಾಗಿಯೂ ಕಾಯಿಲೆ ಇತ್ತು. ಇನ್ನಿಬ್ಬರಿಗೆ ಇರಲಿಲ್ಲ, ಅವರಿನ್ನೂ ಮಾತ್ರೆ ಶುರು ಮಾಡಿರಲಿಲ್ಲ, ಬೇಡವೆಂದು ತಡೆದೆವು. ಉಳಿದವಳು ಚಿಕ್ಕತಾಯಿ. ಡಾಕ್ಟರಿಗೆ ಹೇಳಿದೆ. ಅವರು ನನ್ನನ್ನು ಚೆನ್ನಾಗಿಯೇ ಬೈದು, "ಹೋಗಿ ಅವಳದ್ದು ತಗೊಂಡು ಬನ್ನಿ" ಎಂದರು.

ಹೂಗ್ಯಂಗೆ ಹೋದಾಗ ಚಿಕ್ಕತಾಯಿ ಕೊಟ್ಟಿಗೆಯಲ್ಲಿದ್ದಳು. ಮಾತ್ರೆ ಶುರುವಾಗಿ ಹನ್ನೆರಡು ದಿನ, ಕೊಟ್ಟಿಗೆ ಸೇರಿ ಹನ್ನೊಂದು ದಿನ. ಒಂದು ತಟ್ಟೆ, ಒಂದು ಲೋಟ, ಒಂದು ಚಾಪೆ. ಮನೆಯ ಜಗಲಿಯ ಮೇಲೆ ಅತ್ತೆ ಒಳಲೆಯಲ್ಲಿ ಕೂಸಿಗೆ ಹಸುವಿನ ಹಾಲು ಹಾಕುತ್ತಿದ್ದಳು. ಕೂಸು ಅತ್ತರೆ ಕೊಟ್ಟಿಗೆಯಲ್ಲಿ ಇವಳ ರವಿಕೆ ಒದ್ದೆಯಾಗುತ್ತಿತ್ತು.

"ದಿನಾ ಮೂರೊತ್ತೂ ಆಲ್ನ ಇಂಡಿ ಮಣ್ಗೆ ಚೆಲ್ತಾ ಇವ್ನಿ ಮೇಡಂ" ಎಂದಳು. "ಬತ್ತೋಗ್ಬಾರ್ದು ಅಂತ. ಈಗ ಮೊದ್ಲಿನಷ್ಟು ಬತ್ತಾ ಇಲ್ಲ. ಇನ್ನೊಂದ್ ವಾರ ಆದ್ರೆ ನಿಂತೇ ಓಯ್ತದೆ."

ಎರಡು ಡಬ್ಬಿ ಕೊಟ್ಟು, ಅವತ್ತಿನದ್ದೂ ಮರುದಿನ ಬೆಳಗಿನದ್ದೂ ಕಫ ತರಿಸಿಕೊಂಡು ಹೊಸ ಸ್ಲೈಡಿನಲ್ಲಿ ನೋಡಿದೆ. ನೀಲಿ, ಬರೀ ನೀಲಿ. ಡಾಕ್ಟರು ಕೊಳ್ಳೇಗಾಲದಲ್ಲಿ ಎಕ್ಸ್‌ರೇ ಮಾಡಿಸಿ, ಎದೆ ಪರೀಕ್ಷಿಸಿ, ಮಾತ್ರೆ ನಿಲ್ಲಿಸಿದರು. ಒಲೆಯ ಹೊಗೆ ಕುಡಿದು ಬಂದ ಕೆಮ್ಮು ಅದು, ಕೊಟ್ಟಿಗೆಗೆ ಬಿದ್ದ ಮೇಲೆ ಹೊಗೆ ತಪ್ಪಿ ತಾನೇ ಇಳಿದಿತ್ತು.

ಈ ಸುದ್ದಿ ಹೇಳಲು ಮತ್ತೆ ಹೋದೆ. ಪುಟ್ಟಮಾದಮ್ಮ ಕೂಸನ್ನು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡಳು.

"ಅಲ್ಲ ಕಣ್ ಮೇಡಮ್ಮ, ಅವತ್ತು ಅದೆ ಅಂದ್ರಿ, ಇವತ್ತು ಇಲ್ಲ ಅಂತೀರಿ. ನಾಳೀಕೆ ಇನ್ನೇನಂದೀರಿ? ಮಾತ್ರೆ ತಿಂದ್ಲು, ಕೆಮ್ಮು ನಿಂತೋಯ್ತು. ಅಂಗಂದ್ರೆ ಕಾಯ್ಲೆ ಇತ್ತು ಅಂತಾನೇ ಅಲ್ವಾ? ಈ ಕೂಸಿಗೆ ಏನಾರ ಆದ್ರೆ ನೀವು ಬಂದೀರಾ?"

ಅವಳ ಮಾತು ನ್ಯಾಯವಾಗಿಯೇ ಇತ್ತು. ಬಾಯಲ್ಲಿ ಹೇಳಿ ಪ್ರಯೋಜನವಿಲ್ಲ ಎಂದು ಗೊತ್ತಾಯಿತು. ತೋರಿಸಬೇಕು.

ಆಸ್ಪತ್ರೆಯ ಕಪಾಟಿನಲ್ಲಿ ಒಂದು ಹಳೆಯ ಮೈಕ್ರೋಸ್ಕೋಪ್ ಇತ್ತು. ಕರೆಂಟು ಬೇಡ, ಕೆಳಗೆ ಒಂದು ಕನ್ನಡಿ, ಆಕಾಶದ ಬೆಳಕನ್ನೇ ಹಿಡಿದು ಮೇಲಕ್ಕೆ ಕಳಿಸುತ್ತದೆ. ಒಂದೇ ಕಣ್ಣಿನಲ್ಲಿ ನೋಡಬೇಕು. ಅದನ್ನು ಮರದ ಪೆಟ್ಟಿಗೆ ಸಮೇತ ಮಡಿಲಲ್ಲಿ ಇಟ್ಟುಕೊಂಡು ಬಸ್ಸು ಹತ್ತಿದೆ. ಚೀಲದಲ್ಲಿ ಬಣ್ಣದ ಸೀಸೆಗಳು, ಆಸಿಡ್ಡು, ಸ್ಪಿರಿಟ್ ದೀಪ, ನಾನು ತೊಳೆದ ಸ್ಲೈಡಿನ ಕಟ್ಟು. ಕಂಡಕ್ಟರು ಪೆಟ್ಟಿಗೆಯಲ್ಲಿ ಏನಿದೆ ಎಂದು ಕೇಳಿದಾಗ "ನನ್ ತಪ್ಪು" ಎಂದುಬಿಟ್ಟೆ. ಆತ ಟಿಕೆಟು ಹರಿದುಕೊಟ್ಟು ಮುಂದೆ ಹೋದ.

ಜಗಲಿಯ ಮೇಲೆ ಎಲ್ಲ ಹರಡಿದೆ. ಅಕ್ಕಪಕ್ಕದ ನಾಲ್ಕು ಹೆಂಗಸರು ಬಂದು ನಿಂತರು. ಚಿಕ್ಕತಾಯಿ ಕೊಟ್ಟಿಗೆಯ ಬಾಗಿಲಿನಿಂದ ನೋಡುತ್ತಿದ್ದಳು. ತೊಳೆದ ಕಟ್ಟನ್ನು ಅತ್ತೆಯ ಮುಂದೆ ಹಿಡಿದೆ.

"ಅವ್ವಾ, ಇದ್ರಲ್ಲಿ ಒಂದು ಗಾಜು ನೀವೇ ಆರಿಸಿ. ಏನಾದ್ರೂ ಅಂಟಿದೆಯಾ ನೋಡಿ."

ಪುಟ್ಟಮಾದಮ್ಮ ಕಟ್ಟಿನ ನಡುವಿನಿಂದ ಒಂದನ್ನು ಎಳೆದು, ಬೆಳಕಿಗೆ ಹಿಡಿದು, ಸೆರಗಿನಿಂದ ಒರೆಸಿ, "ಬರೀ ಗಾಜು" ಎಂದಳು. ಕೆಂಪು ಬಣ್ಣ ಸುರಿದು ದೀಪ ಹಚ್ಚಿದೆ. ಹಬೆ ಎದ್ದಿತು. ಯಾಕೆ ಕಾಯಿಸುತ್ತೀರಿ ಎಂದು ಕೇಳಿದಳು. ಆ ಹುಳದ ಮೈಮೇಲೆ ಮೇಣ ಇದೆ, ಬಿಸಿ ಆಗದೆ ಬಣ್ಣ ಒಳಗೆ ಇಳಿಯುವುದಿಲ್ಲ ಎಂದೆ.

"ರೇಸ್ಮೆಗೂಡು ಇದ್ದಂಗೆ" ಎಂದಳು. ಮದುವೆಗೆ ಮುಂಚೆ ಕೊಳ್ಳೇಗಾಲದಲ್ಲಿ ನೂಲು ಬಿಚ್ಚುವ ಕೆಲಸ ಮಾಡಿದ್ದಳಂತೆ. "ಬಿಸಿನೀರ್ಗೆ ಬೀಳ್ದೆ ಗೂಡಿನ ಅಂಟು ಬುಡಾಕಿಲ್ಲ. ಎಳೆ ಸಿಗಾಕಿಲ್ಲ."

ಹನ್ನೊಂದು ವರ್ಷ ನಾನು ಮಾಡಿದ ಕೆಲಸವನ್ನು ಅವಳು ಎರಡು ಮಾತಿನಲ್ಲಿ ಹೇಳಿ ಮುಗಿಸಿದಳು.

ಆಸಿಡ್ಡು, ನೀಲಿ, ತೊಳೆತ ಎಲ್ಲ ಮುಗಿಯಿತು. ಒಂದು ಹನಿ ಎಣ್ಣೆ ಬಿಟ್ಟು ಕಣ್ಣಿಟ್ಟೆ. ಏನೂ ಇಲ್ಲ. ಸ್ಲೈಡು ಸರಿಸಿದೆ. ಏನೂ ಇಲ್ಲ. ಇಪ್ಪತ್ತು ಕಡೆ ನೋಡಿದೆ, ಐವತ್ತು ಕಡೆ ನೋಡಿದೆ. ಆಗ ಹೊಳೆಯಿತು: ಇವಳು ಆರಿಸಿದ ಗಾಜಿನ ಮೇಲೆ ಒಂದೂ ಇಲ್ಲದಿದ್ದರೆ? ಎಲ್ಲ ಗಾಜಿನ ಮೇಲೂ ಇರಬೇಕೆಂದೇನೂ ಇಲ್ಲವಲ್ಲ. ಇಡೀ ವೃತ್ತಿಯಲ್ಲಿ ಒಂದು ಸ್ಲೈಡಿನಲ್ಲಿ ಕ್ಷಯದ ಹುಳ ಸಿಗಲಪ್ಪಾ ಎಂದು ನಾನು ದೇವರಿಗೆ ಹರಸಿಕೊಂಡದ್ದು ಅದೊಂದೇ ಸಲ. ಬೆವರು ಕಣ್ಣಿಗೆ ಇಳಿಯಿತು. ಹಿಂದೆ ಯಾರೋ ಒಬ್ಬಳು, "ಈಯಮ್ಮ ನಿದ್ದೆಗಿದ್ದೆ ಮಾಡ್ಬುಟ್ಲಾ?" ಎಂದಳು.

ಎಪ್ಪತ್ತರ ಮೇಲೆ ಎಲ್ಲೋ, ಮೂಲೆಯಲ್ಲಿ, ಒಂದಕ್ಕೊಂದು ಒರಗಿಕೊಂಡು ಎರಡು ಕೆಂಪು ಕಡ್ಡಿ.

"ಅವ್ವಾ, ಬನ್ನಿ. ಒಂದ್ ಕಣ್ಣು ಮುಚ್ಕೊಳ್ಳಿ. ಕೊಳವೆ ಮುಟ್ಟಬೇಡಿ."

ಪುಟ್ಟಮಾದಮ್ಮ ಕೂಸನ್ನು ಪಕ್ಕದವಳ ಕೈಗೆ ಕೊಟ್ಟು ಬಗ್ಗಿದಳು. ಬಿಸಿನೀರಿನಲ್ಲಿ ತೇಲುವ ಗೂಡಿನ ಎಳೆ ಹುಡುಕಿ ಪಳಗಿದ ಕಣ್ಣು. ನನಗಿಂತ ಬೇಗ ಸಿಕ್ಕಿತು.

"ಕೆಂಪು ದಾರದ ಚೂರಿದ್ದಂಗೆ ಎಲ್ಡು."

"ಅದೇ ಅವ್ವಾ. ಅದನ್ನ ನೋಡಿಯೇ ನಿಮ್ ಸೊಸೆಗೆ ಕಾಯಿಲೆ ಅಂತ ಬರೆದೆ. ಈ ಗಾಜಿನ ಮೇಲೆ ನಿಮ್ ಸೊಸೆ ಉಗುಳಿದ್ದಾಳಾ?"

ಅವಳು ತಲೆ ಎತ್ತಿ ನನ್ನನ್ನು ನೋಡಿ, "ನೀವು ಓದಿದೋರು. ಮುಸ್ರೆ ತೊಳ್ದಂಗೆ ತೊಳ್ದು ಬರ್ದ್‌ಬುಟ್ರಲ್ಲ" ಎಂದಳು. ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ. "ನನ್ನದೇ ತಪ್ಪು ಅವ್ವಾ" ಎಂದು ಎಲ್ಲರೆದುರು ಕೈ ಮುಗಿದೆ. ಅವಳು ಪಕ್ಕದವಳಿಂದ ಕೂಸನ್ನು ಇಸಿದುಕೊಂಡು ಕೊಟ್ಟಿಗೆಗೆ ನಡೆದಳು. ಚಿಕ್ಕತಾಯಿ ಅಲ್ಲೇ ಹೊಸ್ತಿಲ ಮೇಲೆ ಕೂತು ಕೂಸಿಗೆ ಎದೆ ಕೊಟ್ಟಳು. ಕೂಸು ಎರಡು ಸಲ ಮುಖ ತಿರುಗಿಸಿತು. ಮೂರನೆಯ ಸಲ ಹಿಡಿಯಿತು. ಹಾಲು ಇತ್ತು.

ಬಸ್ಸಿನಲ್ಲಿ ಬರುವಾಗ ಸಂತೋಷಕ್ಕಿಂತ ಹೆಚ್ಚಾಗಿ ಒಂದು ಕಸಿವಿಸಿ ಕೂತಿತ್ತು. ಕಾಯಿಲೆ ಇಲ್ಲವೆಂದು ತೋರಿಸಿ ಅವಳನ್ನು ಕೊಟ್ಟಿಗೆಯಿಂದ ಬಿಡಿಸಿದೆ. ಇದ್ದಿದ್ದರೆ? ಇದ್ದಿದ್ದರೂ ಅವಳ ಜಾಗ ಕೊಟ್ಟಿಗೆ ಅಲ್ಲವಲ್ಲ. ಅದನ್ನು ನಾನು ಅವತ್ತು ಹೇಳಲಿಲ್ಲ. ಹೇಳುವ ಬಾಯಿ ನನಗೆ ಅವತ್ತು ಉಳಿದಿರಲಿಲ್ಲ.

ತೊಳೆದ ಕಟ್ಟುಗಳನ್ನೆಲ್ಲ ಒಡೆದು ಗುಂಡಿಯಲ್ಲಿ ಹೂಳಿಸಿದೆ. ಆಮೇಲೆ ಯಾವ ಆಸ್ಪತ್ರೆಗೆ ಹೋದರೂ ಹೊಸ ಸ್ಲೈಡಿನ ಪೊಟ್ಟಣವನ್ನು ರೋಗಿಯ ಎದುರೇ ಒಡೆಯುವುದು ಅಭ್ಯಾಸ ಮಾಡಿಕೊಂಡೆ. ಸ್ಲೈಡು ಮುಗಿದರೆ ಕಾಗದ ಬರೆದು ಕೂರುವುದಿಲ್ಲ, ನಾನೇ ಬಸ್ಸು ಹತ್ತಿ ಹೋಗಿ ಬೆಂಚಿನ ಮೇಲೆ ಕೂರುವುದು. ಬೆನ್ನ ಹಿಂದೆ ನನಗೆ 'ಬೆಂಚಮ್ಮ' ಎಂದು ಹೆಸರಿಟ್ಟಿದ್ದರು. ಶಿವಮಲ್ಲಪ್ಪನವರು ಮಾತ್ರ ಹಾಗೆ ಕರೆಯಲಿಲ್ಲ. ನಿವೃತ್ತಿಯ ದಿನ ಎರಡು ಕಟ್ಟು ಹೊಸ ಸ್ಲೈಡು ತಂದು ನನ್ನ ಮೇಜಿನ ಮೇಲಿಟ್ಟು, "ಮಡಿಕ್ಕೋ, ಬೇಕಾಯ್ತದೆ" ಎಂದು ಹೋದರು.

ಕ್ರಮಗಳು ಬದಲಾದವು. ಸ್ಪಿರಿಟ್ ದೀಪ ಹೋಗಿ, ಕತ್ತಲ ನೆಲದ ಮೇಲೆ ಹೊಳೆಯುವ ಬಣ್ಣದ ಮೈಕ್ರೋಸ್ಕೋಪ್ ಬಂತು. ಆ ಬಣ್ಣ ಹಿಡಿಯುವುದೂ ಅದೇ ಮೇಣವನ್ನು. ಆಮೇಲೆ ಕಾರ್ಟ್ರಿಡ್ಜ್ ಹಾಕುವ ಯಂತ್ರ ಬಂತು. ಶಬ್ದದ ಅದುರಿನಿಂದ ಗೋಡೆ ಒಡೆದು, ಒಳಗಿನ ಡಿಎನ್‌ಎ ಬರಹ ಓದಿ, ಎರಡು ಗಂಟೆಯಲ್ಲಿ ಕಾಯಿಲೆ ಇದೆಯೇ, ರಿಫಾಂಪಿಸಿನ್ನಿಗೆ ಬಗ್ಗುತ್ತದೆಯೇ ಎಂದೂ ಹೇಳುತ್ತದೆ. ನಾನು ಯಂತ್ರದ ವೈರಿಯಲ್ಲ, ಎರಡೇ ದಿನದಲ್ಲಿ ಕಲಿತೆ. ಆದರೆ ಮಾತ್ರೆಗೆ ಸತ್ತವುಗಳ ಚೂರು ಉಳಿದಿದ್ದರೂ ಅದು ಇದೆ ಎಂದೇ ಹೇಳುತ್ತದೆ, ಗಾಜಿನಲ್ಲಾದರೆ ಕಡ್ಡಿಗಳು ಕಡಿಮೆಯಾಗುತ್ತ ಬರುವುದು ಕಾಣುತ್ತದೆ. ಅದಕ್ಕೇ ಚಿಕಿತ್ಸೆಯ ನಡುವೆ ನೋಡುವುದಕ್ಕೆ ಸ್ಲೈಡು ಇನ್ನೂ ಬೇಕು. ಯಂತ್ರ ಇದೆ ಎಂದು ಕಣ್ಣಿನ ಅಭ್ಯಾಸ ಬಿಡಬೇಡಿ.

ನಾನು ನಿವೃತ್ತಳಾಗುವ ಹಿಂದಿನ ವರ್ಷ. ಆಗ ಕೊಳ್ಳೇಗಾಲದಲ್ಲಿದ್ದೆ. ಸಾಲಿನಲ್ಲಿ ಒಬ್ಬ ಹೆಂಗಸು ಮುದುಕಿಯನ್ನು ತೋಳು ಹಿಡಿದು ಕರೆತಂದಳು. ಮುದುಕಿ ಒಣಗಿದ ಕಡ್ಡಿಯಾಗಿದ್ದಳು, ಒಂದೇ ಸಮನೆ ಕೆಮ್ಮು. ನಾನು ಗುರುತು ಹಿಡಿಯಲಿಲ್ಲ. ಹೆಂಗಸೇ ಡಬ್ಬಿ ಮುಂದೆ ಇಟ್ಟು, "ಮಿಷಿನ್ಗೂ ಆಕಿ, ಗಾಜಲ್ಲೂ ನೋಡಿ" ಎಂದಳು. ಆಮೇಲೆ ನನ್ನ ಮುಖವನ್ನೇ ನೋಡುತ್ತ ಕೇಳಿದಳು:

"ಗಾಜು ಒಸ್ದಾ ಮೇಡಂ?"

ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಆಗ ಗುರುತು ಸಿಕ್ಕಿತು. ಶಿವಮಲ್ಲಪ್ಪನವರು ಕೊಟ್ಟಿದ್ದ ಕಟ್ಟುಗಳಲ್ಲಿ ಒಂದು ಡ್ರಾಯರಿನಲ್ಲೇ ಇತ್ತು. ಅದನ್ನು ತೆಗೆದು ಅವಳ ಎದುರು ಬಿಚ್ಚಿದೆ. "ನೀನೇ ಆರಿಸು ಚಿಕ್ಕತಾಯಿ" ಎಂದೆ. ಅವಳು ನಡುವಿನಿಂದ ಒಂದನ್ನು ಎಳೆದು, ಬೆಳಕಿಗೆ ಹಿಡಿದು ನೋಡಿ ಕೊಟ್ಟಳು.

ಹಳೆಯ ದೀಪ ಹಚ್ಚಿ ಕೆಂಪು ಬಣ್ಣದಲ್ಲೇ ನೋಡಿದೆ, ಹುಡುಕಬೇಕಾಗಿ ಬರಲಿಲ್ಲ. ಕಣ್ಣಿಟ್ಟ ಕಡೆಯೆಲ್ಲ ಕೆಂಪು. ಯಂತ್ರವೂ ಅದನ್ನೇ ಹೇಳಿತು, ರಿಫಾಂಪಿಸಿನ್ ಕೆಲಸ ಮಾಡುತ್ತದೆ ಎಂದೂ ಹೇಳಿತು. ಹೊರಗೆ ಬಂದು ಬೆಂಚಿನ ಮುಂದೆ ನಿಂತೆ. ನಾನು ಬಾಯಿ ತೆರೆಯುವ ಮೊದಲೇ ಪುಟ್ಟಮಾದಮ್ಮ ಕೇಳಿದಳು, "ಅದೆ ಅಲ್ವಾ?"

"ಅದೆ ಅವ್ವಾ. ಆರು ತಿಂಗಳು ಮಾತ್ರೆ ತಿಂದ್ರೆ ವಾಸಿಯಾಗ್ತದೆ."

ಮುದುಕಿ ಸೊಸೆಯ ಕಡೆ ನೋಡಲಿಲ್ಲ. ನೆಲ ನೋಡುತ್ತ, "ಕೊಟ್ಟಿಗೇಲಿ ಒಂದ್ ಚಾಪೆ ಆಕ್ಬುಡು. ನನ್ ತಟ್ಟೆ ಲೋಟ ಬ್ಯಾರೆ ಮಡಗು" ಎಂದಳು.

ಚಿಕ್ಕತಾಯಿ ಮಾತ್ರೆಯ ಚೀಟಿಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಕೊಟ್ಟಿಗೇಲಿ ಎಮ್ಮೆ ಅದೆ. ಅದ್ಕೇ ಜಾಗ ಸಾಲಾಕಿಲ್ಲ, ನಿಂಗೆಲ್ಲಿಂದ ತರ್ಲಿ? ಅಟ್ಟೀಲೇ ಬಿದ್ದಿರು, ಕಿಟ್ಕಿ ತಗ್ದು ಮಡಗ್ತೀನಿ. ಬಾಯ್ಗೆ ಬಟ್ಟೆ ಕಟ್ಕೋ. ಏಳು, ಬಸ್ಸು ಓಯ್ತದೆ."

ಅತ್ತೆಯ ತೋಳು ಹಿಡಿದು ಎಬ್ಬಿಸಿದಳು. ಇಬ್ಬರೂ ಬಾಗಿಲು ದಾಟಿ ಹೋದರು. ನಾನು ಒಳಗೆ ಬಂದು ಮುಂದಿನ ಸ್ಲೈಡು ಇಟ್ಟು ಬಗ್ಗಿದೆ. ಏನೂ ಕಾಣಲಿಲ್ಲ. ಕಣ್ಣು ಒರೆಸಿಕೊಂಡು ಮತ್ತೆ ನೋಡಿದೆ.